ಹನ್ನೊಂದು ಬಗೆ ಅಡುಗೆ, ಒಂದು ಬುಟ್ಟಿ ಮಂಡಕ್ಕಿ

ಈ ಸಂಚಿಕೆಯ ಸಂಪಾದಕೀಯವನ್ನು ದಾವಣಗೆರೆಯಲ್ಲಿ, ಅಮ್ಮನ ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ದೀಪಾವಳಿಗೆಂದು ಬಂದವಳು ಇನ್ನೂ ಹೊರಟಿಲ್ಲ. ಇದು ನಿಮ್ಮ ಕೈಸೇರುವ ಹೊತ್ತಿಗೆ ಅಲ್ಲಿ, ನಾವಿರುವ ಪರದೇಶದಲ್ಲಿ, ಕ್ರಿಸ್‌ಮಸ್ ರಜೆ ಎದುರಿಗಿರುತ್ತದೆ. ನಮ್ಮ ಕನ್ನಡ ಸಂಘದವರ ಮನೆಗಳಲ್ಲಿ ಶನಿವಾರಕ್ಕೊಂದು ಪಾರ್ಟಿ. ಕರೆದವರಿಗೆ ಬೆನ್ನುನೋವು, ಹೋಗಿ ಉಂಡು ಬಂದವರಿಗೆ ತಮ್ಮ ಸರದಿ ಯಾವಾಗಲೋ ಎನ್ನುವ ಚಿಂತೆ.

ನನ್ನ ಮನೆಯದೇ ಹೇಳುತ್ತೇನೆ. ಕಳೆದ ಡಿಸೆಂಬರಿನಲ್ಲಿ 24 ಜನರನ್ನು ಕರೆದು 11 ಬಗೆ ಮಾಡಿದ್ದೆ. ಬಿಸಿಬೇಳೆಬಾತಿನ ಪಕ್ಕ ಪಾಸ್ತಾ ಬಂದು ಕೂತಿತ್ತು. ಮಕ್ಕಳಿಗಿರಲಿ ಅಂತ ಮಾಡಿದ್ದು. ಮಕ್ಕಳು ಚಿಪ್ಸ್ ತಿಂದರು. ಬೋಂಡಾ ಕರಿಯುವಾಗ ಹೊಗೆಯ ಅಲಾರಂ ಎರಡು ಸಲ ಕೂಗಿತು, ನಮ್ಮ ಯಜಮಾನರು ಕುರ್ಚಿ ಹತ್ತಿ ಟವೆಲ್ ಬೀಸಿದರು. ಎಲ್ಲರೂ ಹೋದಮೇಲೆ, ರಾತ್ರಿ ಹನ್ನೊಂದೂವರೆಗೆ, ಸಿಂಕಿನ ಪಕ್ಕ ನಿಂತು ತಣ್ಣಗಾದ ಪಲಾವು ತಿಂದೆ. ಗೆಳತಿಯೊಬ್ಬಳು ಹೊರಡುವಾಗ ಬಾಗಿಲಲ್ಲಿ ನಿಂತು ಅಂದಿದ್ದಳು: "ನಿನ್ ಜೊತೆ ಮಾತೇ ಆಡ್ಲಿಲ್ವಲ್ಲೇ." ಬೈಗುಳ ಅಲ್ಲ ಅದು, ಆದರೂ ಆ ರಾತ್ರಿ ಪಲಾವು ಗಂಟಲಲ್ಲಿ ಇಳಿಯಲಿಲ್ಲ.

ಇಲ್ಲಿಯದು ಕೇಳಿ. ಪಾಡ್ಯದ ಮಾರನೆ ದಿನ. ಹೊಸ್ತಿಲಲ್ಲಿ, ಹಬ್ಬಕ್ಕೆ ಸಗಣಿಯಲ್ಲಿ ಮಾಡಿ ಪೂಜಿಸುವ ಹಟ್ಟಿಲಕ್ಕವ್ವ ಇನ್ನೂ ಹೂ ಮುಡಿದು ಕೂತಿದ್ದಳು. ಹೋಳಿಗೆ ಮಾಡಿ ಸುಸ್ತಾದ ದೊಡ್ಡಮ್ಮ ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದರು. ನಾಲ್ಕು ಗಂಟೆಗೆ ಫೋನು: "ದುರ್ಗ ಬಿಟ್ವಿ, ಹದಿನೈದು ಜನ ಇದೀವಿ." 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು ನಿಜ, ನಮ್ಮ ನೆಂಟಸ್ತನ ಮಾತ್ರ ಇನ್ನೂ ಹಳೇ ಚಿತ್ರದುರ್ಗ ಜಿಲ್ಲೆಯಲ್ಲೇ ಇದೆ. ಹೆದ್ದಾರಿಯಲ್ಲಿ ಒಂದೂಕಾಲು ಗಂಟೆ ದಾರಿ. ಮನೆಯವರೂ ಸೇರಿದರೆ ಮೂವತ್ತು ಬಾಯಿ. ನನಗೆ ಎದೆ ಡವಗುಟ್ಟಿತು.

"ಈಗೇನ್ ಮಾಡದು ದೊಡ್ಡಮ್ಮ?"

"ಏನ್ ಮಾಡದು ಅಂದ್ರೆ? ಮಂಡಕ್ಕಿ ಮೆಣಸಿನಕಾಯಿ."

ಮೈಸೂರು ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಕಡ್ಲೆಪುರಿಯ ಪುರಿ ನಮಗೆ ಮಂಡಕ್ಕಿ. ಮೆಣಸಿನಕಾಯಿ ಅಂದರೆ ಇಲ್ಲಿ ಬರೀ ಕಾಯಲ್ಲ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿ. ಬೆಣ್ಣೆದೋಸೆಯಿಂದ ಊರಿಗೆ ಹೆಸರು ಬಂದಿರಬಹುದು, ಸಂಜೆಯಾದರೆ ಊರು ಕೈಚಾಚುವುದು ಮಂಡಕ್ಕಿಗೇ. ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುವ ಭಟ್ಟಿಗಳು ಊರೊಳಗೇ ಇವೆ.

ತಮ್ಮ ಸ್ಕೂಟರಿನಲ್ಲಿ ಹೋಗಿ ಒಂದೂವರೆ ಕಿಲೋ ತಂದ. ತೂಕ ಅಷ್ಟೇ, ಚೀಲ ಮಾತ್ರ ಅವನಿಗಿಂತ ದಪ್ಪ. ದೊಡ್ಡಮ್ಮ ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಶೇಂಗಾ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸು, ಕರಿಬೇವು, ಹುರಿಗಡಲೆ, ಕೊನೆಗೆ ಅರಿಶಿನ, ಉಪ್ಪು, ಚಿಟಿಕೆ ಸಕ್ಕರೆ ಹಾಕಿದರು. ಆ ಒಗ್ಗರಣೆಯನ್ನು ಮಂಡಕ್ಕಿಗೆ ಕಲಸಿ ಮುಚ್ಚಿಟ್ಟರೆ ಅರ್ಧ ಕೆಲಸ ಮುಗಿದಂತೆ. ಈರುಳ್ಳಿ, ಟೊಮೆಟೊ, ನಿಂಬೆರಸ ಮಾತ್ರ ತಟ್ಟೆಗೆ ಹಾಕುವ ಗಳಿಗೆವರೆಗೆ ದೂರ. ಮಂಡಕ್ಕಿ ಕಂಡ ನೀರನ್ನೆಲ್ಲ ಕುಡಿಯುತ್ತದೆ, ಹತ್ತು ನಿಮಿಷದಲ್ಲಿ ಮೆತ್ತಗಾಗಿ ಕೂರುತ್ತದೆ.

ನೆಂಟರು ಬಂದರು. ದೊಡ್ಡಮ್ಮ ಯಾರನ್ನೂ ಸೋಫಾದಲ್ಲಿ ಕೂರಿಸಲಿಲ್ಲ. ದುರ್ಗದ ಮಾವ, ಕೆಲಸದಿಂದ ನಿವೃತ್ತರಾದ ದೊಡ್ಡ ಮನುಷ್ಯರು, ಕೈಕಾಲು ತೊಳೆದು ಬರುವಷ್ಟರಲ್ಲಿ ಅವರ ಮುಂದೆ ಹಳೇ ಪೇಪರು, ಈಳಿಗೆಮಣೆ, ಎರಡು ಕಿಲೋ ಈರುಳ್ಳಿ ಹಾಜರು. ಕಣ್ಣೊರೆಸಿಕೊಳ್ಳುತ್ತಲೇ ಅಡಿಕೆ ರೇಟಿನ ಕಥೆ ಶುರು ಮಾಡಿದರು. ಮಕ್ಕಳಿಗೆ ನಿಂಬೆಹಣ್ಣು ಹಿಂಡುವ ಕೆಲಸ. ಬಿಸಿಬಿಸಿಯಾಗಿ ಆಗಬೇಕಾದದ್ದು ಒಂದೇ, ಮೆಣಸಿನಕಾಯಿ. ಬಾಣಲೆ ಮುಂದೆ ನಿಂತಿದ್ದು ಅತ್ತಿಗೆ, ಅರ್ಧಗಂಟೆಗೊಮ್ಮೆ ಕೈಬದಲು. ದೊಡ್ಡಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಎಲ್ಲರಿಗಿಂತ ಮೊದಲು ತಿಂದರು. ಅದನ್ನು ನೋಡಿ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಅಲ್ಲಿ ಇದು ಆಗುತ್ತದಾ? ಅಂಗಡಿಯ ಮಂಡಕ್ಕಿ ಹಡಗಿನಲ್ಲಿ ಬಂದು ಮೆತ್ತಗಾಗಿರುತ್ತದೆ. ಓವನ್ನಿನಲ್ಲಿ 100 ಡಿಗ್ರಿಗೆ ಐದಾರು ನಿಮಿಷ ಬಿಸಿಮಾಡಿ ಆರಲು ಬಿಡಿ, ಗರಿಗರಿಯಾಗುತ್ತದೆ. ಅಲಾರಂ ಕೂಗದಂತೆ ಕರಿಯುವ ದಾರಿಯೂ ಇದೆ. ಬೆಳಿಗ್ಗೆಯೇ, ಕಿಟಕಿ ತೆರೆದು, ಮೆಣಸಿನಕಾಯಿಗಳನ್ನು ಮುಕ್ಕಾಲು ಕರಿದಿಡಿ. ಸಂಜೆ ಅವನ್ನೇ ತುಂಡು ಮಾಡಿ ಎರಡನೇ ಸಲ ಎಣ್ಣೆಗೆ ಬಿಟ್ಟರೆ ಕಟ್ ಮಿರ್ಚಿ, ಹತ್ತು ನಿಮಿಷದ ಕೆಲಸ. ಎಣ್ಣೆ ಬೇಡ, ಓವನ್ನಿನಲ್ಲೇ ಬೇಯಿಸುತ್ತೇವೆ ಅನ್ನುವವರು ಬೇಯಿಸಿಕೊಳ್ಳಿ, ಅದಕ್ಕೆ ಬೇರೆ ಹೆಸರಿಡಿ. ಸಿಹಿ ಯಾರಾದರೂ ತರುತ್ತಾರೆ, ತರದಿದ್ದರೆ ಬಾಳೆಹಣ್ಣಿದೆ.

ನಾವು ಮಾಡುವ 'ಎಲ್ಲರೂ ಒಂದೊಂದು ತನ್ನಿ' ಪದ್ಧತಿಯಲ್ಲಿ ನನಗೆ ನಂಬಿಕೆ ಹೋಗಿದೆ. ಹೋದ ಯುಗಾದಿಗೆ ಆರು ಪಾತ್ರೆ ಪಲಾವು ಬಂದಿತ್ತು, ಒಬ್ಬರೂ ಮೊಸರು ತಂದಿರಲಿಲ್ಲ. ತಂದವರೆಲ್ಲ ತಮ್ಮ ಡಬ್ಬಿ ಖಾಲಿಯಾಯಿತಾ ಅಂತ ಓರೆಗಣ್ಣಲ್ಲಿ ನೋಡುತ್ತಿದ್ದದ್ದು ಬೇರೆ.

ಅಮ್ಮ ಈಗ ನನ್ನ ಸೂಟ್‌ಕೇಸ್ ತುಂಬುತ್ತಿದ್ದಾರೆ. ಎರಡು ಕಿಲೋ ಮಂಡಕ್ಕಿಗೆ ತೂಕದ ಚಿಂತೆಯಿಲ್ಲ, ಜಾಗದ್ದೇ ಚಿಂತೆ. ಮೂರು ಸೀರೆ ಆಚೆ ಬಂದಿವೆ. ಜನವರಿಯ ಮೊದಲ ಶನಿವಾರ ಸಂಜೆ ನಮ್ಮ ಮನೆಗೆ ಬನ್ನಿ. ಅಡುಗೆ ಏನೂ ತರಬೇಡಿ, ಈರುಳ್ಳಿ ಹೆಚ್ಚಲು ಒಂದು ಚಾಕು ತನ್ನಿ. ನಮ್ಮನೆಯಲ್ಲಿರುವುದು ಎರಡೇ.