ಪಾದ ಜೋಮು ಅಂತ ಬರೆದಿದ್ದೀಯಲ್ಲ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿ,

ನಿನ್ನ ನಾಲ್ಕು ಪುಟದ ಕಾಗದದಲ್ಲಿ ಮೂರೂವರೆ ಪುಟ ಬಿಳಿ ಕೂದಲಿನದೇ. ಅದಕ್ಕೆ ನನಗೆ ಗಾಬರಿಯಾಗಲಿಲ್ಲ. ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನೋ ಹಾಗೆ, ‘ರಾತ್ರಿ ಪಾದ ಜೋಮು ಹಿಡಿಯುತ್ತೆ, ಕೂತು ಮಾಡೋ ಕೆಲಸ ಅಲ್ವಾ’ ಅಂತ ಬರೆದಿದ್ದೀಯಲ್ಲ, ಆ ಸಾಲಿನಿಂದ ನಿದ್ದೆ ಹೋಗಿದೆ.

ನಮ್ಮ ಮನೆತನದ ತಲೆಗಳು ಬೇಗ ನರೆಯೋ ವಿಷಯ ನಿನಗೆ ಗೊತ್ತೇ ಇದೆ, ಬಿಡು. ಆದರೆ ಹಾಲು, ಮೊಸರು ಬಿಟ್ಟು ಮೂರು ವರ್ಷವಾದ ಮೇಲೆ ನರೆಯೂ ಜೋಮೂ ಜೊತೆಗೆ ಬಂದರೆ ಮೊದಲು ನೋಡಬೇಕಾದ್ದು ಬಿ12 ವಿಟಮಿನ್. ಸೊಪ್ಪು, ಕಾಳು, ಬಾದಾಮಿ ಹಾಲು ಯಾವುದರಲ್ಲೂ ಅದು ತಾನಾಗಿ ಇರೋದಿಲ್ಲ. ಸ್ಪಿರುಲಿನಾ ಅನ್ನೋ ಪಾಚಿಯ ಪುಡಿಯಲ್ಲಿ ಇದೆ ಅಂತಾರೆ; ಅದರಲ್ಲಿರೋದು ಬಹುಪಾಲು ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ಯಕೃತ್ತಿನ ದಾಸ್ತಾನು ವರ್ಷಗಟ್ಟಲೆ ಸಾಗುತ್ತೆ, ಅದಕ್ಕೇ ಬಿಟ್ಟ ಹೊಸದರಲ್ಲಿ ಏನೂ ಆಗಿಲ್ಲ ಅನ್ನಿಸೋದು. ಲ್ಯಾಬಿನಲ್ಲಿ ಅಷ್ಟು ವರ್ಷ ಇದ್ದವಳು ನಾನು ಅವತ್ತೇ ಹೇಳಬೇಕಿತ್ತು. ನಿನ್ನ ನಿರ್ಧಾರಕ್ಕೆ ಅಡ್ಡ ಬರಬಾರದು ಅಂತ ಸುಮ್ಮನಿದ್ದೆ. ಅದು ಈಗ ಚುಚ್ಚುತ್ತಿದೆ.

ಇನ್ನು ಕೂದಲಿಗೆ ಅಂತ ನೀನು ನುಂಗುತ್ತಿರೋ ಆ ಗೋಲಿ. ಡಬ್ಬಿಯ ಹಿಂದೆ ಬರೆದಿರೋದನ್ನ ನೀನು ಕಳಿಸಿದ್ದು ಒಳ್ಳೆಯದಾಯ್ತು. ಅದರಲ್ಲಿ ಫೋಲಿಕ್ ಆಸಿಡ್ ಇದೆ, ಬಿ12 ಇಲ್ಲ. ಬಿ12 ಕೊರತೆಯಿಂದ ಬರೋ ರಕ್ತಹೀನತೆಯನ್ನು ಫೋಲಿಕ್ ಆಸಿಡ್ ಮೇಲ್ನೋಟಕ್ಕೆ ಸರಿಮಾಡಿಬಿಡುತ್ತೆ, ಹಿಮೋಗ್ಲೋಬಿನ್ ಚೆನ್ನಾಗಿ ಕಾಣುತ್ತೆ. ಒಳಗೆ ನರದ ಹೊದಿಕೆ ಸವೆಯೋದು ಮಾತ್ರ ನಿಲ್ಲೋದಿಲ್ಲ. ಬಹಳ ತಡವಾದರೆ ನರ ಪೂರ್ತಿ ಚೇತರಿಸಿಕೊಳ್ಳೋದಿಲ್ಲ ಪುಟ್ಟಿ. ಕೂದಲು ಆರು ತಿಂಗಳು ಕಾಯಬಹುದು, ಪಾದ ಕಾಯಬಾರದು.

ಗೋಲಿಯನ್ನು ಇವತ್ತೇ ನಿಲ್ಲಿಸು. ಅದರಲ್ಲಿರೋ ಬಯೋಟಿನ್ ಅನ್ನೋ ವಿಟಮಿನ್ ಥೈರಾಯ್ಡ್ ಪರೀಕ್ಷೆಯನ್ನೂ ಕೆಡಿಸುತ್ತೆ, ಟಿಎಸ್‌ಎಚ್ ಅನ್ನೋ ಅದರ ಅಂಕಿಯನ್ನ ಇರೋದಕ್ಕಿಂತ ಕಡಿಮೆ ತೋರಿಸಬಹುದು. ನಿಲ್ಲಿಸಿ ಕನಿಷ್ಠ ಮೂರು ದಿನ ಬಿಟ್ಟು ರಕ್ತ ಕೊಡು: ಬಿ12, ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು), ಟಿಎಸ್‌ಎಚ್. ಬಿ12 ಗುಳಿಗೆಯೋ ಇಂಜೆಕ್ಷನ್ನೋ ಮೊದಲು ತಗೊಂಡು ಆಮೇಲೆ ಪರೀಕ್ಷೆ ಮಾಡಿಸಬೇಡ, ಅಂಕಿ ಏರಿಬಿಟ್ಟಿರುತ್ತೆ. ಸಾಮಾನ್ಯವಾಗಿ ಬಿ12 ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಅನುಮಾನ. ಆಗ ಬಿ12 ಕಡಿಮೆಯಾದರೆ ರಕ್ತದಲ್ಲಿ ಏರೋ ಹೋಮೋಸಿಸ್ಟೀನ್ ಅಥವಾ ಎಂಎಂಎ ನೋಡಬೇಕಾಗುತ್ತೆ. ಸಿಬಿಸಿಯಲ್ಲಿ ಎಂಸಿವಿ, ಅಂದರೆ ರಕ್ತಕಣದ ಸರಾಸರಿ ಗಾತ್ರ, ಸರಿಯಿದೆ ಅಂತ ನೆಮ್ಮದಿಯಾಗಬೇಡ. ಬಿ12 ಕಡಿಮೆಯಾದರೆ ರಕ್ತಕಣ ದೊಡ್ಡದಾಗುತ್ತೆ, ಕಬ್ಬಿಣ ಕಡಿಮೆಯಾದರೆ ಚಿಕ್ಕದಾಗುತ್ತೆ. ಎರಡೂ ಕೂಡಿದರೆ ಸರಾಸರಿ ಸರಿಯಾಗೇ ಕಾಣುತ್ತೆ. ಜೋಮಿನ ವಿಷಯ ಡಾಕ್ಟರಿಗೆ ಮೊದಲನೇ ಮಾತಾಗಿ ಹೇಳು, ಕೂದಲಿನ ಮಾತು ಆಮೇಲೆ. ಇಂಜೆಕ್ಷನ್ ಬೇಕೋ ಗುಳಿಗೆ ಸಾಕೋ ಅವರು ಹೇಳಲಿ. 1000 ಮೈಕ್ರೋಗ್ರಾಂ ಅಂತ ನೋಡಿ ಹೆದರಬೇಡ, ಅಷ್ಟು ದೊಡ್ಡ ಗುಳಿಗೆಯಿಂದ ಮೈ ಸೇರೋದು ನೂರಕ್ಕೆ ಒಂದು ಪಾಲು ಅಷ್ಟೇ.

ಹಾಲಿಗೆ ಮರಳು ಅಂತ ನಾನು ಒತ್ತಾಯ ಮಾಡೋದಿಲ್ಲ. ಒಂದು ವೇಳೆ ಮರಳಿದರೆ ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಬಟ್ಟಲು ಮೊಸರು ಅಂತ ಹಂಚಿಕೋ. ಊಟದಲ್ಲಿರೋ ಬಿ12ನ್ನ ಒಂದು ಹೊತ್ತಿಗೆ ಕರುಳು ಹೀರೋದು ಎರಡು ಮೈಕ್ರೋಗ್ರಾಂ ಆಸುಪಾಸು ಮಾತ್ರ. ಮರಳದಿದ್ದರೆ ಗುಳಿಗೆ ಜೀವನಪೂರ್ತಿ ಬೇಕು, ಅದನ್ನ ಒಪ್ಪಿಕೊಂಡೇ ಬಿಡು.

ಕೂದಲಿನ ಬಗ್ಗೆ ಕೇಳಿದ್ದಕ್ಕೂ ಉತ್ತರ ಬರೀಬೇಕಲ್ಲ. ಬಣ್ಣ ಸೇರೋದು ಬುಡದ ಬಲ್ಬಿನಲ್ಲಿ, ಟೈರೋಸಿನೇಸ್ ಅನ್ನೋ ತಾಮ್ರದ ಕಿಣ್ವದಿಂದ. ಹೊರಗೆ ಬಂದ ಕೂದಲು ಜೀವವಿಲ್ಲದ ಎಳೆ. ಅದಕ್ಕೆ ವೈಟ್‌ಫೀಲ್ಡಿನ ಬೋರ್‌ವೆಲ್ ನೀರನ್ನ ಬೈದು ಪ್ರಯೋಜನವಿಲ್ಲ, ಗಡಸು ನೀರು ಕೂದಲನ್ನ ಒರಟು ಮಾಡುತ್ತೆ, ಬಿಳಿ ಮಾಡೋದಿಲ್ಲ. ಕೊರತೆಯಿಂದ ಬಂದ ನರೆಯಾದರೆ, ಕೆಲವರಲ್ಲಿ, ಹೊಸ ಬುಡ ಕಪ್ಪಾಗಿ ಬರುತ್ತೆ. ತಿಂಗಳಿಗೆ ಬೆಳೆಯೋದು ಸುಮಾರು ಒಂದು ಸೆಂಟಿಮೀಟರ್. ವಂಶದ್ದಾದರೆ ಊಟದಿಂದ ತಿರುಗಿ ಬರೋದಿಲ್ಲ. ಸುಳ್ಳು ಭರವಸೆ ಕೊಡಲಾರೆ, ಬೇಜಾರಾಗಬೇಡ.

ತಾಮ್ರಕ್ಕೆ ದಿನಾ ಒಂದು ಚಮಚ ಎಳ್ಳುಪುಡಿ ಹುಳಿಯನ್ನದ ಮೇಲೆ ಹಾಕಿಕೊಂಡರೆ ಒಳ್ಳೇದು. ಸತುವಿನ ಗುಳಿಗೆ ಮಾತ್ರ ನೀನಾಗೇ ನುಂಗಬೇಡ, ಹೆಚ್ಚು ದಿನ ಹೆಚ್ಚು ಸತು ಹೋದರೆ ತಾಮ್ರ ಹೀರೋದಕ್ಕೆ ಅಡ್ಡಿ. ಹುರುಳಿ ಸಾರಿಗೆ, ಬಸ್ಸಾರಿಗೆ ನಿಂಬೆ ಹಿಂಡು. ಊಟದ ಬೆನ್ನಿಗೇ ಕಾಫಿ ಕುಡಿದರೆ ಅದರ ಕಬ್ಬಿಣ ಮೈಗೆ ಅಷ್ಟಾಗಿ ಹತ್ತೋದಿಲ್ಲ, ಒಂದು ಗಂಟೆ ತಡೆ. ಕಾಫಿ ಬಿಡು ಅಂತ ಈ ಮನೆಯಲ್ಲಿ ಯಾರಿಗೆ ಹೇಳಲಿ!

ಕಣ್ಣು ಮುಚ್ಚಿ ನಿಂತರೆ ತೂರಾಡೋ ಹಾಗಾಗುತ್ತಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗ್ತಾ ಇಲ್ವಾ? ಇದಕ್ಕೆ ಹೌದು ಅಂತಾದರೆ ಮೂರು ದಿನ ಕಾಯಬೇಡ, ನಾಳೆಯೇ ಡಾಕ್ಟರ ಹತ್ತಿರ ಹೋಗು. ಇಲ್ಲದಿದ್ದರೆ ಶನಿವಾರ ರಕ್ತ ಕೊಟ್ಟು ಮೆಟ್ರೋ ಹತ್ತು, ಮೆಜೆಸ್ಟಿಕ್ಕಿನಲ್ಲಿ ಹಸಿರು ಲೈನಿಗೆ ಬದಲಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿ. ನಾನು ಅಲ್ಲೇ ಇರ್ತೀನಿ. ರಿಪೋರ್ಟು ಬಂದ ತಕ್ಷಣ ನನಗೆ ಕಳಿಸು, ರಾತ್ರಿ ಎಷ್ಟು ಹೊತ್ತಾದರೂ.

ನಿನ್ನ ದೊಡ್ಡತ್ತೆ