ವೃಂದಗಾನ ನಿರ್ದೇಶಕರ ಪಟ್ಟಿಯಲ್ಲಿ ಬಿಟ್ಟುಹೋಗುವ ಹೆಸರುಗಳು

ಸಂಪಾದಕರಿಗೆ,

ಮಾನ್ಯರೇ,

ಹವ್ಯಾಸಿ ಗಾಯನವೃಂದಗಳು ಬೆಳ್ಳಿಹಬ್ಬ, ಸುವರ್ಣೋತ್ಸವಗಳಿಗೆಂದು ಹೊರತರುವ ಸ್ಮರಣ ಸಂಚಿಕೆಗಳಲ್ಲಿ ತಂಡವನ್ನು ಮುನ್ನಡೆಸಿದ ನಿರ್ದೇಶಕರ ಭಾವಚಿತ್ರಗಳಿಗೆ ಒಂದು ಪುಟ ಮೀಸಲಾಗಿರುತ್ತದೆ; ಪ್ರತಿ ಚಿತ್ರದ ಕೆಳಗೆ ಹೆಸರು, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂಬ ಒಕ್ಕಣೆ. ನಾನು 28 ವರ್ಷಗಳಿಂದ ಬಾಸ್ (ಗಂಡಸರ ತಗ್ಗಿನ ದನಿ) ಸಾಲಿನಲ್ಲಿ ನಿಂತು ಹಾಡುತ್ತಿರುವ ತಂಡವೂ ಇತ್ತೀಚೆಗೆ ಅಂಥದೊಂದು ಸಂಚಿಕೆಯನ್ನು ಪ್ರಕಟಿಸಿತು. ಪುಟದಲ್ಲಿ ನಾಲ್ಕು ಚಿತ್ರಗಳಿದ್ದವು. ಮೂರನೆಯವರ ಅವಧಿ ಮುಗಿದ ವರ್ಷಕ್ಕೂ ನಾಲ್ಕನೆಯವರ ಅವಧಿ ಆರಂಭವಾದ ವರ್ಷಕ್ಕೂ ನಡುವೆ ಎರಡು ವರ್ಷಗಳ ಅಂತರವಿತ್ತು. ಆ ಎರಡು ವರ್ಷ ತಂಡ ಯಾರ ಕೈಸನ್ನೆಗೆ ಹಾಡಿತು ಎಂದು ಓದಿದವರು ಕೇಳಿದರೆ ಸಂಚಿಕೆಯಲ್ಲಿ ಉತ್ತರವಿಲ್ಲ. ಅದರ ಸಂಪಾದಕ ಮಂಡಳಿಯಲ್ಲಿ ನಾನೂ ಇದ್ದೆ. ಕರಡು ತಿದ್ದುವಾಗ ನನ್ನ ಕಣ್ಣಿಗೂ ಆ ಲೋಪ ಬೀಳಲಿಲ್ಲ ಎಂಬ ಸಂಕೋಚದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಮೂರನೆಯ ನಿರ್ದೇಶಕರು ಸಂಗೀತ ಕಛೇರಿಗೆ ಏಳು ವಾರ ಇರುವಾಗ ಬೇರೆಡೆ ಸಂಬಳದ ಹುದ್ದೆ ಸಿಕ್ಕಿತೆಂದು ಹೊರಟುಹೋದರು. ಹೋದದ್ದು ತಪ್ಪೆಂದು ಹೇಳಲಾರೆ. ನಾವು ಅವರಿಗೆ ಕೊಡುತ್ತಿದ್ದುದು ಗೌರವಧನ ಮಾತ್ರ. ಆದರೆ ಮುಂದಿನ ತಾಲೀಮಿಗೆ ಬಂದು ಕುಳಿತ ನಮ್ಮೆದುರು ಯಾರೂ ಇರಲಿಲ್ಲ. ಹತ್ತು ನಿಮಿಷ ಕಾದ ಮೇಲೆ ಆಲ್ಟೊ (ಹೆಂಗಸರ ತಗ್ಗಿನ ದನಿ) ವಿಭಾಗದಲ್ಲಿ ಹಾಡುತ್ತಿದ್ದ, ಹಾಜರಿ ಪುಸ್ತಕ ಮತ್ತು ಸ್ವರಲಿಪಿಯ ಪ್ರತಿಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರು ಎದ್ದು ಮುಂದೆ ನಿಂತರು. ತಾಳ ತೋರಿಸಲು ಅವರಿಗೆ ಬಲಗೈ ಮಾತ್ರ ಬರುತ್ತಿತ್ತು. ಯಾವ ವಿಭಾಗ ಎಲ್ಲಿ ಸೇರಿಕೊಳ್ಳಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಸೂಚಿಸಬೇಕಾದ ಎಡಗೈ ಮೊದಲ ಕಛೇರಿಯುದ್ದಕ್ಕೂ ಪುಸ್ತಕದ ಸ್ಟ್ಯಾಂಡನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಹಾಗಾಗಿ ನಾವು ಅವರ ಕೈ ಬಿಟ್ಟು ಮುಖ ನೋಡುವುದನ್ನು ಕಲಿತೆವು. ಪ್ರತಿ ಸಾಲಿನ ಮೊದಲು ಅವರು ನಮ್ಮ ಜೊತೆಯಲ್ಲೇ, ನಮಗೆ ಕಾಣುವಂತೆ ಉಸಿರು ತೆಗೆದುಕೊಳ್ಳುತ್ತಿದ್ದರು. ಆ ಉಸಿರಿನ ವೇಗದಲ್ಲೇ ಹಾಡಿನ ಕಾಲವೂ ಅಡಗಿರುತ್ತಿತ್ತು. ಹಾಡುವವರು ಒಟ್ಟಿಗೆ ಆರಂಭಿಸುವುದು ತಾಳ ತೋರಿಸುವ ಕೋಲಿನ ಏಟಿಗಿಂತ ಅದಕ್ಕೆ ಮುಂಚಿನ ಈ ಉಸಿರಿನಿಂದ ಎಂಬುದು ಅನುಭವಿ ನಿರ್ದೇಶಕರಿಗೆಲ್ಲ ಗೊತ್ತಿರುವ ವಿಷಯ. ಇವರು ಅದನ್ನು ಎಲ್ಲೂ ಓದಿರಲಿಲ್ಲ. ಹಾಡುವವರ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಾದ್ದರಿಂದ ಅವರಿಗೆ ಅದು ಬಂದಿತ್ತು.

ಎರಡು ವರ್ಷಗಳ ನಂತರ ಹೊಸ ನಿರ್ದೇಶಕರು ಬಂದ ದಿನ ಆ ಮಹಿಳೆ ಎರಡನೆಯ ಸಾಲಿನ ತಮ್ಮ ಕುರ್ಚಿಗೆ ಮರಳಿ ಪುಸ್ತಕ ತೆರೆದರು. ‘ತಾತ್ಕಾಲಿಕ’ ಎಂಬ ಪದವನ್ನು ಬಿಟ್ಟರೆ ಸಮಿತಿ ಅವರಿಗೆ ಬೇರಾವ ಪದವಿಯನ್ನೂ ಕೊಟ್ಟಿರಲಿಲ್ಲ. ಪದವಿ ಇಲ್ಲದವರ ಚಿತ್ರ ಸಂಚಿಕೆಗೆ ಬರಲಿಲ್ಲ.

ಇದು ನಮ್ಮ ತಂಡವೊಂದರ ಮರೆವು ಆಗಿದ್ದರೆ ಅದನ್ನು ತಮ್ಮ ಪತ್ರಿಕೆಯವರೆಗೆ ತರುವ ಅಗತ್ಯವಿರಲಿಲ್ಲ. ವೃಂದಗಾನದ ಇತಿಹಾಸ ಬರೆದವರೂ ಬಹುಮಟ್ಟಿಗೆ ಹೀಗೆಯೇ ಬರೆದಿದ್ದಾರೆ. ಹವ್ಯಾಸಿ ವೃಂದಗಳಲ್ಲಿ ಬಹಳ ಹಳೆಯದಾದ ಬರ್ಲಿನ್ನಿನ ಸಿಂಗ್‌ಅಕಾಡೆಮಿಯ ಉದಾಹರಣೆಯನ್ನೇ ನೋಡಬಹುದು. ಕಾರ್ಲ್ ಫ್ರೀಡ್ರಿಷ್ ಫಾಶ್ 1791ರಲ್ಲಿ ಕಟ್ಟಿದ ಆ ತಂಡವನ್ನು 1800ರಿಂದ 1832ರಲ್ಲಿ ಸಾಯುವವರೆಗೆ ನಡೆಸಿದವರು ಕಾರ್ಲ್ ಫ್ರೀಡ್ರಿಷ್ ಸೆಲ್ಟರ್. ಕಟ್ಟಡ ಕಟ್ಟುವ ಮೇಸ್ತ್ರಿಯಾಗಿ ಪಳಗಿದ್ದ ಮನುಷ್ಯ. ಆದರೆ ಆ ತಂಡದ ಹೆಸರು ಬಂದಾಗಲೆಲ್ಲ ಎಲ್ಲರೂ ನೆನೆಯುವುದು 1829ರ ಮಾರ್ಚ್ 11ರ ಸಂಜೆಯನ್ನು. ಅಂದು 20 ವರ್ಷದ ಸಂಗೀತರಚನೆಕಾರ ಫೆಲಿಕ್ಸ್ ಮೆಂಡೆಲ್ಸನ್, ಹಿಂದಿನ ಶತಮಾನದ ಜರ್ಮನ್ ಸಂಗೀತರಚನೆಕಾರ ಬಾಖ್ ತೀರಿಕೊಂಡ ಮೇಲೆ ಮರೆಗೆ ಸರಿದಿದ್ದ, ಯೇಸುವಿನ ಯಾತನೆ ಮತ್ತು ಮರಣದ ಕಥೆಯನ್ನು ಹಾಡುವ ‘ಸಂತ ಮತ್ತಾಯನ ಪ್ಯಾಶನ್’ ಕೃತಿಯನ್ನು ಆ ತಂಡದಿಂದ ಹಾಡಿಸಿ ಬಾಖ್ ಸಂಗೀತಕ್ಕೆ ಮರುಜೀವ ಕೊಟ್ಟರು. ಮೆಂಡೆಲ್ಸನ್‌ರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಂಥ ಕಠಿಣ ಕೃತಿಯನ್ನು ಹವ್ಯಾಸಿಗಳು ಹಾಡಲು ಸಾಧ್ಯವಾದದ್ದು ಸೆಲ್ಟರ್ ವರ್ಷಗಳ ಕಾಲ ತಾಲೀಮಿನಲ್ಲಿ ಬಾಖ್‌ನ ಮೊಟೆಟ್‌ಗಳನ್ನು (ಹಲವು ಧ್ವನಿಗಳ ಭಕ್ತಿಗೀತೆಗಳನ್ನು) ಆ ಹಾಡುಗಾರರ ಬಾಯಿಗೆ ಹಾಕಿಸಿದ್ದರಿಂದ. ಎರಡನೆಯ ಪ್ರದರ್ಶನದ ನಂತರ ಮೆಂಡೆಲ್ಸನ್ ಇಂಗ್ಲೆಂಡಿಗೆ ಹೊರಟರು. ಗುಡ್ ಫ್ರೈಡೆಯ ಮೂರನೆಯ ಪ್ರದರ್ಶನಕ್ಕೆ ಕೈಯೆತ್ತಿದವರು ಮತ್ತೆ ಸೆಲ್ಟರ್ ಅವರೇ. ಈ ಮೂರನೆಯ ಸಂಜೆಯ ಮಾತು ಅಷ್ಟಾಗಿ ಕೇಳಿಬರುವುದಿಲ್ಲ.

ಅದರ ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಸೆಲ್ಟರ್ ತೀರಿಕೊಂಡ ಮೇಲೆ 1833ರ ಜನವರಿಯಲ್ಲಿ ಸದಸ್ಯರು ಮತ ಹಾಕಿ ಉತ್ತರಾಧಿಕಾರಿಯನ್ನು ಆರಿಸಿದರು. ಹಲವು ವರ್ಷ ಸಹಾಯಕ ನಿರ್ದೇಶಕರಾಗಿದ್ದ ರುಂಗೆನ್‌ಹಾಗೆನ್ ಅವರಿಗೆ 148 ಮತ, ಮೆಂಡೆಲ್ಸನ್ ಅವರಿಗೆ 88. ಜಗತ್ತು ಕಂಡ ಮಹಾನ್ ಸಂಗೀತಗಾರನನ್ನು ಬಿಟ್ಟು ಸಾಧಾರಣ ಮನುಷ್ಯನನ್ನು ಆರಿಸಿಕೊಂಡ ಮೂಢರು ಎಂದು ಆ 148 ಮಂದಿಯನ್ನು ಅಂದಿನಿಂದಲೂ ಹಾಸ್ಯ ಮಾಡುತ್ತಾ ಬರಲಾಗಿದೆ. ಮೆಂಡೆಲ್ಸನ್‌ರ ಯೆಹೂದಿ ಮೂಲದ ಬಗೆಗಿನ ಪೂರ್ವಗ್ರಹವೂ ಆ ಮತದಾನದಲ್ಲಿ ಕೆಲಸ ಮಾಡಿತೆಂದು ಬರೆದವರಿದ್ದಾರೆ. ಅಷ್ಟರ ಮಟ್ಟಿಗೆ ಆ ಆಯ್ಕೆಯನ್ನು ಯಾರೂ ಸಮರ್ಥಿಸಬಾರದು, ನಾನೂ ಸಮರ್ಥಿಸುವುದಿಲ್ಲ. ಅದನ್ನು ಬದಿಗಿಟ್ಟು ನೋಡಿದರೆ, ಮೂರನೆಯ ನಿರ್ದೇಶಕರು ಹೊರಟುಹೋದ ಆ ಏಳು ವಾರಗಳನ್ನು ಕಂಡಿರುವ ನನಗೆ, ತಾಲೀಮಿನ ಪ್ರತಿ ಸಂಜೆ ಬಾಗಿಲು ತೆರೆದಾಗ ಒಳಗೆ ಇದ್ದೇ ಇರುತ್ತಿದ್ದ ವ್ಯಕ್ತಿಗೆ ಮತ ಕೊಟ್ಟ ಹಾಡುಗಾರರ ಮನಸ್ಸು ಅರ್ಥವಾಗದೆ ಇಲ್ಲ. ರುಂಗೆನ್‌ಹಾಗೆನ್ 1851ರಲ್ಲಿ ಸಾಯುವವರೆಗೂ ಅದೇ ತಂಡದಲ್ಲಿದ್ದರು. ಮೆಂಡೆಲ್ಸನ್ ಡ್ಯೂಸೆಲ್‌ಡಾರ್ಫ್‌ಗೆ, ಅಲ್ಲಿಂದ 1835ರಲ್ಲಿ ಲೈಪ್‌ಸಿಗ್‌ಗೆ ಹೋದರು. ಹವ್ಯಾಸಿಗಳ ತಾಲೀಮಿಗಿಂತ ದೊಡ್ಡ ಕೆಲಸ ಅವರಿಗೆ ಕಾದಿತ್ತು.

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಕೋರಲ್ ಸೊಸೈಟಿಯ ಮಾತೂ ಇಂಥದ್ದೇ. 1932ರಿಂದ 1967ರವರೆಗೆ ಅದರ ನಿರ್ದೇಶಕರಾಗಿದ್ದ ಮಾಲ್ಕಂ ಸಾರ್ಜೆಂಟ್ ಅವರ ಹೆಸರು ಸಂಗೀತಪ್ರಿಯರಿಗೆ ಪರಿಚಿತ. ಅವರು ಬಂದು ಕೋಲೆತ್ತುವ ಮೊದಲು ತಂಡವನ್ನು ತಯಾರು ಮಾಡುತ್ತಿದ್ದ ಕೋರಸ್ ಮಾಸ್ಟರ್ ಹರ್ಬರ್ಟ್ ಬಾರ್ಡ್ಜೆಟ್ ಅವರ ಹೆಸರನ್ನು ಎಷ್ಟು ಮಂದಿ ಕೇಳಿದ್ದಾರೆ? ವೇಲ್ಸ್‌ನವರು ಈ ವಿಷಯದಲ್ಲಿ ಸ್ವಲ್ಪ ವಾಸಿ. 1872 ಮತ್ತು 1873ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ 400ಕ್ಕೂ ಹೆಚ್ಚು ಜನರ ವೃಂದವನ್ನು ಹಾಡಿಸಿ ಬಹುಮಾನ ಗೆದ್ದ ಕ್ಯಾರಡಾಗ್ ಕಮ್ಮಾರಿಕೆ ಮಾಡಿಕೊಂಡಿದ್ದವರು. ಅಬರ್‌ಡೇರ್‌ನಲ್ಲಿ ಅವರ ಪ್ರತಿಮೆ ನಿಂತಿದೆ. ಸ್ಥಾಪಕರ ವಿಷಯಕ್ಕೆ ಬಂದರೆ ನೆನಪು ತಾನಾಗಿ ಉಳಿಯುತ್ತದೆ. 1958ರಲ್ಲಿ ಆರಂಭವಾದ ಕಲ್ಕತ್ತಾ ಯೂತ್ ಕಾಯರ್ ಎಂದರೆ ರುಮಾ ಗುಹಾ ಠಾಕುರ್ತಾ, ಮದ್ರಾಸ್ ಯೂತ್ ಕಾಯರ್ ಎಂದರೆ ಎಂ.ಬಿ. ಶ್ರೀನಿವಾಸನ್. ಆದರೆ ಶ್ರೀನಿವಾಸನ್ 1988ರಲ್ಲಿ ತೀರಿಕೊಂಡ ನಂತರವೂ ಆ ತಂಡ ಹಾಡುತ್ತಾ ಬಂತು ಎಂದರೆ, ಮುಂದಿನ ತಾಲೀಮಿಗೆ ಯಾರೋ ಎದ್ದು ನಿಂತಿದ್ದರು ಎಂದೇ ಅರ್ಥ.

ನಮ್ಮ ನಾಲ್ವರು ‘ಅಧಿಕೃತ’ ನಿರ್ದೇಶಕರ ಬಗ್ಗೆಯೂ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. ಮೊದಲನೆಯವರು ಸ್ವರಲಿಪಿ ಓದಲು ಬಾರದ ನಮಗೆ ನಾಲ್ಕು ಧ್ವನಿಗಳ ಹಾಡನ್ನು ಬರೀ ಕೇಳಿಸಿ ಕೇಳಿಸಿಯೇ ಕಲಿಸಿದರು. ಟೆನರ್ (ಗಂಡಸರ ಎತ್ತರದ ದನಿ) ಭಾಗವನ್ನು ತಾವೇ ಹಾಡಿ, ಸೊಪ್ರಾನೊ (ಹೆಂಗಸರ ಎತ್ತರದ ದನಿ) ಭಾಗವನ್ನು ಸಿಳ್ಳೆಯಲ್ಲಿ ತೋರಿಸುತ್ತಿದ್ದರು. ಎರಡನೆಯವರು ಬಂದೊಡನೆ ಆ ಸುಖ ಮುಗಿಯಿತು. ಪೆನ್ಸಿಲ್ ಇಲ್ಲದೆ ಬಂದವರಿಗೆ ತಾಲೀಮಿನಲ್ಲಿ ಜಾಗವಿರಲಿಲ್ಲ. ಸ್ವರ ಸರಿಯಿದ್ದರೂ ‘ಆ’ಕಾರವನ್ನು ನಲವತ್ತು ಬಾಯಿಗಳು ನಲವತ್ತು ಬಗೆಯಲ್ಲಿ ತೆರೆದರೆ ಶ್ರುತಿ ಕದಡಿದಂತೆ ಕೇಳುತ್ತದೆ ಎಂಬುದನ್ನು ತಿಳಿಸಿಕೊಟ್ಟವರು ಅವರು. ವಾದ್ಯವಿಲ್ಲದೆ ಹಾಡುವ ವೃಂದಗಳಿಗೆ ಅರಿವಿಲ್ಲದೆಯೇ ಶ್ರುತಿ ಇಳಿಯುವ ರೋಗವಿದೆ. ಹಾಡು ಮುಗಿದ ಮೇಲೆ ಅವರು ಒಂದು ಮಾತೂ ಆಡದೆ ಶ್ರುತಿಕವೆಯನ್ನು ಮಂಡಿಗೆ ತಟ್ಟಿ ಕಿವಿಗೆ ಹಿಡಿದು, ನಾವು ಎಷ್ಟು ಕೆಳಗಿಳಿದಿದ್ದೇವೆ ಎಂಬುದನ್ನು ಹೆಬ್ಬೆರಳು ತೋರುಬೆರಳುಗಳ ನಡುವಿನ ಅಂತರದಲ್ಲಿ ತೋರಿಸುತ್ತಿದ್ದರು. ಆ ಎರಡು ಬೆರಳುಗಳಿಗೆ ಹೆದರಿದಷ್ಟು ನಾನು ಯಾವ ಮೇಲಧಿಕಾರಿಗೂ ಹೆದರಿದವನಲ್ಲ. ಮೂರನೆಯವರು ನಾಲ್ವರಲ್ಲಿ ದೊಡ್ಡ ಸಂಗೀತಗಾರರು, ನಮ್ಮ ಅತ್ಯುತ್ತಮ ಕಛೇರಿ ಅವರದೇ. ಆದರೆ ತಪ್ಪನ್ನು ನಾಲ್ಕನೆಯ ಸಲ ತಿದ್ದುವ ತಾಳ್ಮೆ ಅವರಿಗಿರಲಿಲ್ಲ, ಅವರ ಕಾಲದಲ್ಲಿ ಟೆನರ್ ಸಾಲು ಹನ್ನೊಂದರಿಂದ ಐದಕ್ಕೆ ಇಳಿಯಿತು. ಈಗಿನವರ ಬಗ್ಗೆ ಬರೆಯಲು ಇನ್ನೂ ಕಾಲವಿದೆ, ಮುಂದಿನ ವಾರ ಅವರೆದುರು ನಿಲ್ಲಬೇಕಾದವನು ನಾನು.

ಇಷ್ಟು ಹೇಳಿದ ಮೇಲೆ ತಮ್ಮ ಪತ್ರಿಕೆಯಲ್ಲಿ ಒಂದು ಕೋರಿಕೆ. ವೃಂದಗಾನದ ಕಾರ್ಯಕ್ರಮಗಳ ವರದಿಗಳಲ್ಲಿ ಉದ್ಘಾಟಕರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು ಎಲ್ಲರ ಹೆಸರೂ ಇರುತ್ತದೆ. ವೇದಿಕೆಯಲ್ಲಿ ಸಭಿಕರಿಗೆ ಬೆನ್ನು ಹಾಕಿ ನಿಂತ ಒಬ್ಬರ ಹೆಸರು ಮಾತ್ರ ಹಲವು ಸಲ ಇರುವುದಿಲ್ಲ. ಛಾಯಾಚಿತ್ರದಲ್ಲಿ ಅವರ ಬೆನ್ನೇ ಕಾಣುತ್ತದೆ ಎಂಬುದು ಹೆಸರು ಬಿಡಲು ಕಾರಣವಾಗಬಾರದು. ನಿರ್ದೇಶಕರ ಹೆಸರಿನ ಜೊತೆಗೆ ತಾಲೀಮು ನಡೆಸಿದವರು ಬೇರೆಯಾಗಿದ್ದರೆ ಅವರ ಹೆಸರನ್ನೂ, ಪಿಯಾನೊ ನುಡಿಸಿದವರ ಹೆಸರನ್ನೂ ಒಂದು ಸಾಲಿನಲ್ಲಿ ಸೇರಿಸಲು ಸಾಧ್ಯ. ತಂಡಗಳ ಸಮಿತಿಗಳೂ ಹೆಸರು ಬರೆದು ಕೊಡಬೇಕು. ಕೊಡದೆ ವರದಿಗಾರರನ್ನು ದೂರುವುದು ಸರಿಯಲ್ಲ.

ಸಮಿತಿಗಳಿಗೆ ಇನ್ನೊಂದು ಮಾತು. ಹೊಸ ಮುದ್ರಣ ಬಂದಾಗ ಹಳೆಯ ಸ್ವರಲಿಪಿ ಪ್ರತಿಗಳನ್ನು ರದ್ದಿಗೆ ಹಾಕುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಹವ್ಯಾಸಿ ವೃಂದದ ನಿರ್ದೇಶಕರು ಕೃತಿಯನ್ನು ಹೇಗೆ ಹಾಡಿಸಿದರು ಎಂಬುದಕ್ಕೆ ಬಹಳಷ್ಟು ತಂಡಗಳಲ್ಲಿ ಧ್ವನಿಮುದ್ರಣವಿಲ್ಲ. ಇರುವ ದಾಖಲೆ ಹಾಡುಗಾರರ ಪ್ರತಿಗಳ ಮೇಲಿನ ಪೆನ್ಸಿಲ್ ಗುರುತುಗಳು ಮಾತ್ರ. ನಮ್ಮ ತಂಡದಲ್ಲಿ ಹಾಗೆ ರದ್ದಿಗೆ ಹೊರಟಿದ್ದ ಒಂದು ಕಟ್ಟಿನಿಂದ ನನ್ನ ಪ್ರತಿಯನ್ನು ಎತ್ತಿಟ್ಟುಕೊಂಡಿದ್ದೆ. ಈ ಪತ್ರ ಬರೆಯುವ ಮೊದಲು ಅದನ್ನು ತೆರೆದು ನೋಡಿದೆ. ಎರಡನೆಯವರು ಉಸಿರಿಗೆಂದು ಹಾಕಿಸಿದ ಅಲ್ಪವಿರಾಮದ ಗುರುತುಗಳನ್ನು ಮೂರನೆಯವರು ಅಳಿಸಿಹಾಕಿಸಿದ್ದಾರೆ, ‘ಪಕ್ಕದವರು ಉಸಿರು ತೆಗೆಯುವಾಗ ನೀನು ತೆಗೆಯಬೇಡ’ ಎಂದು ಅಂಚಿನಲ್ಲಿ ಬರೆಸಿದ್ದಾರೆ. ಅದೇ ಪುಟದ ಕೊನೆಯ ಸಾಲಿನ ಮೇಲೆ ನನ್ನದೇ ಕೈಯಿಂದ ಬಿಡಿಸಿದ ಒಂದು ಜೋಡಿ ಕನ್ನಡಕವಿದೆ. ಇಲ್ಲಿ ಪುಸ್ತಕ ಬಿಟ್ಟು ಮುಂದೆ ನಿಂತವರನ್ನು ನೋಡು ಎಂದು ಹಾಡುಗಾರರು ಹಾಕಿಕೊಳ್ಳುವ ಗುರುತು ಅದು. ಕೆಳಗೆ ದಿನಾಂಕ ಹಾಕಿದ್ದೇನೆ. ಸಂಚಿಕೆಯಲ್ಲಿ ಖಾಲಿ ಬಿಟ್ಟಿರುವ ಆ ಎರಡು ವರ್ಷಗಳಲ್ಲಿ ಅದು ಮೊದಲನೆಯದು.

ಸಂಚಿಕೆಗೆ ತಿದ್ದುಪಡಿಯ ಹಾಳೆಯೊಂದನ್ನು ಅಚ್ಚು ಹಾಕಿಸಿ ಎಲ್ಲ ಸದಸ್ಯರಿಗೂ ಕಳುಹಿಸಬೇಕೆಂದು ಸಮಿತಿಗೆ ಬರೆದಿದ್ದೇನೆ. ಚಿತ್ರಕ್ಕಾಗಿ ಆ ಮಹಿಳೆಯನ್ನು ಕೇಳಿದಾಗ, ತಾಳ ಹಾಕುತ್ತಿರುವ ಚಿತ್ರ ತಮ್ಮಲ್ಲಿ ಒಂದೂ ಇಲ್ಲವೆಂದೂ ಆಲ್ಟೊ ಸಾಲಿನಲ್ಲಿ ನಿಂತಿರುವುದು ಬೇಕಾದರೆ ಇದೆಯೆಂದೂ ಹೇಳಿದರು. ಅದನ್ನೇ ಹಾಕುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಹವ್ಯಾಸಿ ಗಾಯನವೃಂದವೊಂದರ ಹಿರಿಯ ಸದಸ್ಯ