ಏನೂ ಸಿಗದಿದ್ದರೆ ಎಂದು ಕೇಳಿದ್ದಕ್ಕೆ

ಶ್ರೀನಿವಾಸಪುರ

ಚಿರಂಜೀವಿ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಯಾವ ಚಿಕಿತ್ಸೆ ಎಷ್ಟು ಫಲ ಕೊಡುತ್ತದೆಂದು ರೋಗಿಗಳ ಗುಂಪುಗಳನ್ನು ಹೋಲಿಸಿ ನೋಡುವ ಕ್ಲಿನಿಕಲ್ ಎಪಿಡೆಮಿಯಾಲಜಿಯಲ್ಲಿ ಸೀಟು ಸಿಕ್ಕಿದ್ದು, ಫೀಸು, ನಿಮ್ಮಪ್ಪನ ಗೊಣಗಾಟ, ಎಲ್ಲವೂ ಮನೆಯಲ್ಲಿ ಮಾತಾಗಿ ಮುಗಿದಿದೆ. ಆದರೆ ಕೊನೆಯಲ್ಲಿ ಒತ್ತೊತ್ತಾಗಿ ಒಂದು ಸಾಲು ತುರುಕಿದ್ದೀಯಲ್ಲ, "ಎರಡು ವರ್ಷ ದುಡಿದ ಮೇಲೆ ಎರಡು ಚಿಕಿತ್ಸೆಗಳಿಗೂ ವ್ಯತ್ಯಾಸವೇ ಇಲ್ಲ ಎಂದು ಬಂದರೆ ಏನು ಮಾಡಲಿ" ಎಂದು, ಅದು ನನ್ನ ನಿದ್ದೆ ಕೆಡಿಸಿದೆ.

ಆ ಭಯ ನನಗೆ ಗೊತ್ತು ಮಗಳೇ. 1980ರ ದಶಕದಲ್ಲಿ ನಾನು ಮಲೇರಿಯಾ ಕೆಲಸದಲ್ಲಿದ್ದೆ. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಹೋಗಬೇಕು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ತರಬೇಕು. ವರ್ಷಕ್ಕೆ ನೂರು ಜನರಲ್ಲಿ ಹತ್ತು ಮಂದಿಯ ರಕ್ತವಾದರೂ ಪರೀಕ್ಷೆಯಾಗಬೇಕೆಂದು ಗುರಿ. ಒಂದು ಸಲ ಹಳ್ಳಿಯೊಂದರಲ್ಲಿ ಅರ್ಧ ಮನೆಗಳಿಗೆ ಬೀಗ. ಎಲ್ಲರೂ ಕೂಲಿಗೆ ಹೋಗಿದ್ದರು. ಬರಿಗೈಯಲ್ಲಿ ಹಿಂದಿರುಗಲು ಹೆದರಿದೆ. ಹುಣಸೆ ಮರದ ಕೆಳಗೆ ಕುಳಿತು ನನ್ನದೇ ಬೆರಳು ಚುಚ್ಚಿ, ಆರು ಗಾಜುಗಳಿಗೆ ಸವರಿ, ಆರು ಜನರ ಹೆಸರು ಬರೆದೆ. ಆರೂ ನೆಗೆಟಿವ್ ಬಂದವು. ಬರದೆ ಇನ್ನೇನು!

ಆ ಆರರಲ್ಲಿ ಒಂದು ಹೆಸರು ಒಬ್ಬ ಮುದುಕಿಯದು. ಮುಂದಿನ ಸುತ್ತಿಗೆ ಹೋದಾಗ ಅವಳಿರಲಿಲ್ಲ. ಜ್ವರದಲ್ಲಿ ಹೋದಳು ಎಂದರು. ಅದು ಮಲೇರಿಯಾವೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಅದನ್ನು ಹೇಳಬೇಕಿದ್ದ ಗಾಜಿನ ಮೇಲೆ ನನ್ನ ರಕ್ತವಿತ್ತು. ನಿಮ್ಮ ದೊಡ್ಡಮ್ಮನಿಗೂ ಇದನ್ನು ಹೇಳಿಲ್ಲ.

ಹಾಗಾಗಿ ನೀನು ಬರೆದ ಸಾಲು ಓದಿದಾಗ ನನ್ನ ಭಯವೇ ಬೇರೆ. ಏನೂ ಸಿಗದಿರುವುದರ ಬಗ್ಗೆ ಅಲ್ಲ. ಏನಾದರೂ ಸಿಗಲೇಬೇಕೆಂದು ನೀನು ಹೊರಟುಬಿಟ್ಟರೆ ಎಂದು.

ನಮ್ಮ ಸೋದರತ್ತೆಯನ್ನು ಮದನಪಲ್ಲಿಯ ಹತ್ತಿರದ ಆರೋಗ್ಯವರಂ ಸ್ಯಾನಟೋರಿಯಂಗೆ, ಅಂದರೆ ಕ್ಷಯ ರೋಗಿಗಳನ್ನು ಮನೆಯವರಿಂದ ದೂರ ಇಟ್ಟು ನೋಡಿಕೊಳ್ಳುತ್ತಿದ್ದ ಆಸ್ಪತ್ರೆಗೆ, ಸೇರಿಸಿದ ಕಥೆ ನಿನಗೆ ಗೊತ್ತು, ಬಿಡು. ಎಷ್ಟೋ ವರ್ಷಗಳ ಮೇಲೆ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಗೆ ತರಬೇತಿಗೆ ಹೋದಾಗ ಒಂದು ಪಾಠ ಕೇಳಿದೆ. 1956ರಲ್ಲಿ ಮದ್ರಾಸಿನಲ್ಲಿ ಕ್ಷಯ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರಂತೆ. ಒಂದು ಪಾಲಿಗೆ ಸ್ಯಾನಟೋರಿಯಂನಲ್ಲಿ ಮಾತ್ರೆ, ಒಳ್ಳೆಯ ಊಟ, ವಿಶ್ರಾಂತಿ. ಇನ್ನೊಂದು ಪಾಲಿಗೆ ಅದೇ ಮಾತ್ರೆ, ಆದರೆ ಅವರವರ ಇಕ್ಕಟ್ಟಿನ ಮನೆಯಲ್ಲೇ. ಒಂದು ವರ್ಷದ ಚಿಕಿತ್ಸೆ ಮುಗಿದು, 1959ರಲ್ಲಿ ಫಲಿತಾಂಶ ಹೊರಬಂದಾಗ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ರೋಗಿಯ ಜೊತೆ ಮನೆಯಲ್ಲಿದ್ದ ಉಳಿದವರಿಗೆ ರೋಗ ಹೆಚ್ಚಾಗಿ ತಗುಲಲೂ ಇಲ್ಲ. ವ್ಯತ್ಯಾಸವಿಲ್ಲ! ಆಮೇಲೆ ಲೋಕದ ತುಂಬ ರೋಗಿಗಳು ಮನೆಯಲ್ಲೇ ಮಾತ್ರೆ ನುಂಗಿ ಗುಣವಾದರು. ಪಾಠ ಮುಗಿದ ಮೇಲೂ ನಾನು ಬೆಂಚಿನಿಂದ ಏಳಲಿಲ್ಲ. ಅತ್ತೆಯ ಮಗ ಆ ಸ್ಯಾನಟೋರಿಯಂ ಗೇಟಿನ ಸರಳು ಹಿಡಿದು ಅತ್ತದ್ದೇ ಕಣ್ಣ ಮುಂದೆ.

ಎಂಬಿಬಿಎಸ್ ಮುಗಿಸಿದವಳಿಗೆ ನಾನು ಬುದ್ಧಿ ಹೇಳುವುದು ತಮಾಷೆಯೇ. ಆದರೂ, ಎಷ್ಟು ರೋಗಿಗಳು ಬೇಕೆಂದು ಮೊದಲೇ ಸಂಖ್ಯಾಶಾಸ್ತ್ರದ ಮೇಷ್ಟರ ಹತ್ತಿರ ಕೂತು ಲೆಕ್ಕ ಹಾಕಿಸು. ನಾಲ್ಕು ಜನರನ್ನು ನೋಡಿ ವ್ಯತ್ಯಾಸವಿಲ್ಲ ಎಂದರೆ ಅದಕ್ಕೆ ಅರ್ಥವಿಲ್ಲ, ಅಷ್ಟು ನನಗೂ ಗೊತ್ತು. ಏನನ್ನು ಅಳೆಯುತ್ತೀಯೆಂದು ಶುರು ಮಾಡುವ ಮುನ್ನವೇ ಬರೆದಿಡು. ನಡುವೆ ಬದಲಾಯಿಸುವ ಆಸೆ ಬರುತ್ತದೆ. ರೋಗಿ ಬಾರದಿದ್ದರೆ ಬರಲಿಲ್ಲ ಎಂದೇ ಬರೆ, ಕಾಲಂ ಖಾಲಿ ಇರಲಿ. ಹಾಸ್ಟೆಲಿನಲ್ಲಿ ರಾತ್ರಿ ಊಟ ಬಿಡಬೇಡ. ಇನ್ನೇನೋ ಹೇಳಬೇಕೆಂದಿದ್ದೆ, ಮರೆತೆ.

ವ್ಯತ್ಯಾಸವಿಲ್ಲ ಎಂದು ಬಂದ ದಿನ ಎಲ್ಲರಿಗಿಂತ ಮೊದಲು ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ. ಆರು ಗಾಜುಗಳ ವಿಷಯ ನಿಮ್ಮಪ್ಪನಿಗೆ ಹೇಳಬೇಡ. ಹಬ್ಬಕ್ಕೆ ಬಂದಾಗ ನಾನೇ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ